ಕೇಳಿ ಕೊಟ್ಟ ಶಾಲೆ

(ಆಕಾಶವಾಣಿ ಭಾಷಣ)

ಚರಿತ್ರೆ ಎಂದೊಡನೆ ರಾಜವಂಶಗಳು, ಯುದ್ಧಗಳು, ಶಾಸನಗಳು ಇವುಗಳತ್ತ ನಮ್ಮ ಮನಸ್ಸು ಹರಿಯುವುದು ಸಹಜ. ಇಂದು ನಾನು ಹೇಳಹೊರಟಿರುವುದು ಎರಡು ಕೋಣೆಗಳ ಒಂದು ಶಾಲೆಯ ಚರಿತ್ರೆ. ಅದರ ಬೆನ್ನಿಗೇ, ಕೂಲಿಯವರ ಬೆನ್ನ ಮೇಲೆ ಬಂದ ಒಂದು ವಾಚನಾಲಯದ ಚರಿತ್ರೆ. ಎರಡೂ ನಮ್ಮ ನಾಡಿನವಲ್ಲ. ನೇಪಾಳದ ಶೆರ್ಪರ ಸೀಮೆಯವು. ಅಷ್ಟು ದೂರದ ಮಾತು ನನಗೇಕೆ ಬೇಕಾಯಿತು ಎಂಬುದನ್ನು ತಿಳಿಸಲು ಮೊದಲು ನಮ್ಮೂರಿನ ಒಂದು ಟ್ರಂಕಿನ ವಿಷಯವನ್ನು ಹೇಳಬೇಕಾಗಿದೆ.

ಅಧ್ಯಕ್ಷ ಕೆನಡಿಯವರು 1961ರಲ್ಲಿ ಸ್ಥಾಪಿಸಿದ ಪೀಸ್ ಕೋರ್ ಎಂಬ ಶಾಂತಿದಳದ ತರುಣ ತರುಣಿಯರು ಅದೇ ವರ್ಷದ ಕೊನೆಯಿಂದ ಭಾರತಕ್ಕೆ ಬರತೊಡಗಿ, 1976ರವರೆಗೆ ಇಲ್ಲಿ ಕೆಲಸ ಮಾಡಿದರು. ಹಳೆಯ ಮೈಸೂರು ರಾಜ್ಯದ ಹಳ್ಳಿಗಳಿಗೂ ಅವರು ಬಂದರು. ನಾನು ಮೂರನೆಯ ತರಗತಿಯಲ್ಲಿದ್ದಾಗ ನಮ್ಮೂರಿಗೂ ಒಬ್ಬ ಅಮೆರಿಕದ ಹುಡುಗ ಕೋಳಿಸಾಕಣೆಯನ್ನು ಕಲಿಸಲು ಬಂದು ಒಂದೂವರೆ ವರ್ಷ ಇದ್ದ. ಮುದ್ದೆಯನ್ನು ಅಗಿಯದೆ ನುಂಗುವ ವಿದ್ಯೆ ಅವನಿಗೆ ಕೊನೆಯವರೆಗೂ ಒಲಿಯಲಿಲ್ಲ. ಆದರೆ ಊರಿನವರಿಗೆಲ್ಲ ಅವನ ಮೇಲೆ ಪ್ರೀತಿಯಿತ್ತು. ಹೊರಡುವ ದಿನ ಅವನು ತನ್ನೂರಿನಿಂದ ತರಿಸಿದ್ದ ಒಂದು ಟ್ರಂಕು ಪುಸ್ತಕಗಳನ್ನು ಶಾಲೆಗೆ ಕೊಟ್ಟ. ಎಲ್ಲವೂ ಇಂಗ್ಲಿಷ್ ಪುಸ್ತಕಗಳು. ಆ ಇಂಗ್ಲಿಷನ್ನು ಓದಿ ಅರ್ಥಮಾಡಿಕೊಳ್ಳಬಲ್ಲವರು ಊರಿನಲ್ಲಿ ಇಬ್ಬರೋ ಮೂವರೋ ಇದ್ದಿರಬಹುದು. ಮಕ್ಕಳ ಕೈಗೆ ಕೊಟ್ಟರೆ ಹರಿದುಹಾಕುತ್ತಾರೆಂದು ನಮ್ಮ ಮೇಷ್ಟ್ರು ಅದಕ್ಕೆ ಬೀಗ ಹಾಕಿ, ಬೀಗದ ಕೈಯನ್ನು ಜನಿವಾರಕ್ಕೆ ಕಟ್ಟಿಕೊಂಡರು. ಅದನ್ನು ತೆರೆದದ್ದನ್ನು ನಾನು ನೋಡಿದ್ದು ಒಂದೇ ಸಲ. ಶಾಲೆಯ ತನಿಖೆಗೆ ಅಧಿಕಾರಿಗಳು ಬಂದಿದ್ದರು. ಮುಚ್ಚಳ ಎತ್ತಿದಾಗ ಗೆದ್ದಲಿನ ಮಣ್ಣು ಉದುರಿತು. ಅದರ ನಡುವೆ ಬಣ್ಣದ ಒಂದು ತಿಮಿಂಗಿಲದ ಚಿತ್ರ ಕಂಡಿತು. ಆ ತಿಮಿಂಗಿಲ ಇನ್ನೂ ನನ್ನ ಕಣ್ಣಿನಲ್ಲಿದೆ.

ಕೊಟ್ಟವನದು ತಪ್ಪಲ್ಲ. ಬೀಗ ಹಾಕಿದವರದೂ ಪೂರ್ತಿ ತಪ್ಪೆನ್ನಲಾರೆ. ಹಾಗಾದರೆ ತಪ್ಪಿದ್ದು ಎಲ್ಲಿ? ನಾನೇ ನನ್ನ ನಲವತ್ತು ವರ್ಷಗಳ ಪುಸ್ತಕಸಂಗ್ರಹವನ್ನು ಆ ಊರಿಗೆ ಕೊಡಬೇಕೆಂದು ಮನಸ್ಸು ಮಾಡಿದಾಗ ಈ ಪ್ರಶ್ನೆ ಎದುರಾಯಿತು. ಪರದೇಶದ ಹಳ್ಳಿಗಳಿಗೆ ಹೋಗಿ ಶಾಲೆ, ವಾಚನಾಲಯಗಳಿಗಾಗಿ ದುಡಿದವರ ಕಥೆಗಳನ್ನು ಹುಡುಕಿ ಓದತೊಡಗಿದೆ. ಅವುಗಳಲ್ಲಿ ನನ್ನನ್ನು ಬಹುಕಾಲ ಹಿಡಿದು ನಿಲ್ಲಿಸಿದ್ದು ಎಡ್ಮಂಡ್ ಹಿಲರಿಯವರ ಕಥೆ.

ಹಿಲರಿ ನ್ಯೂಜಿಲೆಂಡಿನವರು, ಜೇನು ಸಾಕುವುದು ಅವರ ಮನೆತನದ ಕಸಬು. 1953ರ ಮೇ 29ರಂದು ತೇನ್ಸಿಂಗ್ ನೋರ್ಗೆಯವರೊಡನೆ ಎವರೆಸ್ಟ್ ಶಿಖರವನ್ನು ಏರಿದ ಸಂಗತಿ ಶಾಲೆಯ ಮಕ್ಕಳಿಗೂ ಗೊತ್ತು. ಆಮೇಲಿನ ಐವತ್ತು ವರ್ಷ ಅವರು ಏನು ಮಾಡಿದರೆಂಬುದು ನಮ್ಮಲ್ಲಿ ಅಷ್ಟಾಗಿ ತಿಳಿದಿಲ್ಲ. ಎವರೆಸ್ಟಿನ ದಕ್ಷಿಣದ ತಪ್ಪಲಿನಲ್ಲಿರುವ ಖುಂಬು ಪ್ರದೇಶ ಶೆರ್ಪರ ನೆಲೆ. ಆಲೂಗೆಡ್ಡೆ ಬೆಳೆಯುವುದು, ಚಮರೀಮೃಗಗಳನ್ನು ಸಾಕುವುದು, ಹಿಮದ ಘಟ್ಟಗಳನ್ನು ದಾಟಿ ಟಿಬೆಟ್ಟಿನೊಡನೆ ಉಪ್ಪು, ಧಾನ್ಯಗಳ ವ್ಯಾಪಾರ ಮಾಡುವುದು, ಇವು ಅವರ ಬದುಕಿನ ಆಧಾರಗಳು. ನೇಪಾಳದಲ್ಲಿ ರಾಣಾ ಮನೆತನದ ಆಡಳಿತ 1951ರಲ್ಲಿ ಕೊನೆಗೊಂಡಾಗ ಇಡೀ ದೇಶದಲ್ಲಿ ಓದುಬರಹ ಬಲ್ಲವರು ನೂರಕ್ಕೆ ಐದರಷ್ಟೂ ಇದ್ದರೋ ಇಲ್ಲವೋ. ಪ್ರಜೆಗಳು ಓದಿದರೆ ಪ್ರಶ್ನೆ ಕೇಳುತ್ತಾರೆಂಬ ಭಯ ಆ ಆಡಳಿತಕ್ಕಿತ್ತು. ಇನ್ನು ಹಿಮದ ಮಡಿಲಿನ ಖುಂಬುವಿನ ಪಾಡನ್ನು ಹೇಳಬೇಕಾದದ್ದಿಲ್ಲ.

ಇಲ್ಲಿ ಒಂದು ಮಾತನ್ನು ಸೇರಿಸಬೇಕು. ಶಾಲೆಯಿಲ್ಲದ ಊರೆಂದರೆ ಪುಸ್ತಕವಿಲ್ಲದ ಊರಲ್ಲ. ಶೆರ್ಪರ ಗೊಂಪಗಳಲ್ಲಿ, ಅಂದರೆ ಬೌದ್ಧ ಮಠಗಳಲ್ಲಿ, ಟಿಬೆಟನ್ ಲಿಪಿಯ ಧರ್ಮಗ್ರಂಥಗಳು ಬಟ್ಟೆಯಲ್ಲಿ ಸುತ್ತಿ ಹಲಗೆಗಳ ನಡುವೆ ಬಿಗಿದು ಸಾಲಾಗಿ ಕುಳಿತಿದ್ದವು. ಹಿಮಾಲಯದ ಬೌದ್ಧ ಹಳ್ಳಿಗಳಲ್ಲಿ ಇಂಥ ಗ್ರಂಥಗಳನ್ನು ಜನ ಬೆನ್ನ ಮೇಲೆ ಹೊತ್ತು ಹೊಲಗಳ ಸುತ್ತ ಮೆರವಣಿಗೆ ಹೋಗುವ ವಾಡಿಕೆಯುಂಟು. ಬೆಳೆಗೆ ಒಳ್ಳೆಯದಾಗಲೆಂಬ ಹಾರೈಕೆ. ಓದಲಾರದವನೂ ಪುಸ್ತಕವನ್ನು ಹೊರುತ್ತಾನೆ. ನಮ್ಮೂರಿನ ಟ್ರಂಕಿಗಿಂತ ಇದು ಮೇಲಲ್ಲವೇ ಎಂದು ನನಗನ್ನಿಸಿದ್ದುಂಟು.

1960ರಲ್ಲಿ ಹಿಲರಿ ಮತ್ತೆ ಆ ಸೀಮೆಗೆ ಒಂದು ದೊಡ್ಡ ತಂಡದೊಡನೆ ಬಂದರು. ಎತ್ತರದಲ್ಲಿ ಮನುಷ್ಯದೇಹ ಹೇಗೆ ವರ್ತಿಸುತ್ತದೆಂಬ ವೈಜ್ಞಾನಿಕ ಅಧ್ಯಯನ ಒಂದು ಉದ್ದೇಶ. ಯೇತಿ ಎಂಬ ಹಿಮಮಾನವನ ಶೋಧ ಇನ್ನೊಂದು. ಸ್ವಾರಸ್ಯವೇನೆಂದರೆ, ಈ ಸಾಹಸಕ್ಕೆ ಹಣ ಒದಗಿಸಿದ್ದು ಷಿಕಾಗೋ ನಗರದ ಒಂದು ವಿಶ್ವಕೋಶದ ಪ್ರಕಾಶಕರು. ಖುಮ್ಜುಂಗ್ ಎಂಬ ಹಳ್ಳಿಯ ಗೊಂಪದಲ್ಲಿ ಯೇತಿಯ ನೆತ್ತಿಯ ಚರ್ಮವೆಂದು ಪೂಜೆಗೊಳ್ಳುತ್ತಿದ್ದ ವಸ್ತುವೊಂದಿತ್ತು. ಅದನ್ನು ಪರೀಕ್ಷೆಗೆ ಕೊಂಡೊಯ್ಯಲು ಹಳ್ಳಿಯ ಹಿರಿಯರು ಒಪ್ಪಿದರು. ಆದರೆ ಗಡುವಿನೊಳಗೆ ಹಿಂದಕ್ಕೆ ತರಬೇಕು, ನಮ್ಮವನೊಬ್ಬ ಜೊತೆಯಲ್ಲಿರಬೇಕು ಎಂದರು. ಹಾಗೆ ಖುಂಜೋ ಚುಂಬಿ ಎಂಬ ಹಿರಿಯರು ತಮ್ಮ ಊರಿನ ಆ ನಿಧಿಯೊಡನೆ ಷಿಕಾಗೋ, ಪ್ಯಾರಿಸ್, ಲಂಡನ್ ನಗರಗಳನ್ನು ಸುತ್ತಿಬಂದರು. ವಿದ್ವಾಂಸರು ನೋಡಿ, ಇದು ಪರ್ವತದ ಮೇಕೆಯ ಜಾತಿಯ ಒಂದು ಪ್ರಾಣಿಯ ತೊಗಲಿನಿಂದ ಮಾಡಿದ್ದೆಂದು ತೀರ್ಮಾನಿಸಿದರು. ಯೇತಿ ಸಿಗಲಿಲ್ಲ, ಹಳ್ಳಿಗೊಂದು ಶಾಲೆ ಸಿಕ್ಕಿತು.

ಶಾಲೆಯ ಪ್ರಸ್ತಾಪ ಬಂದದ್ದು ಹೀಗೆ. ಬೆಂಕಿಯ ಸುತ್ತ ಕುಳಿತ ಒಂದು ಸಂಜೆ ಹಿಲರಿ ತಮ್ಮ ಜೊತೆಯ ಶೆರ್ಪರನ್ನು, ನಿಮಗಾಗಿ ಒಂದು ಕೆಲಸ ಮಾಡುವುದಾದರೆ ಯಾವುದು ಮಾಡಬೇಕು ಎಂದು ಕೇಳಿದರು. ಉರ್ಕಿಯೆನ್ ಎಂಬಾತ ಉತ್ತರ ಕೊಟ್ಟ. ನಮ್ಮ ಮಕ್ಕಳಿಗೆ ಕಣ್ಣಿದ್ದೂ ಕಾಣುತ್ತಿಲ್ಲ, ಖುಮ್ಜುಂಗಿಗೆ ಒಂದು ಶಾಲೆ ಬೇಕು ಎಂಬುದು ಅವನ ಮಾತಿನ ತಾತ್ಪರ್ಯ. ಹಿಲರಿ ಕೇಳದೆ ಹೋಗಿದ್ದರೆ ಏನು ಕೊಡುತ್ತಿದ್ದರೋ! ಬೆಟ್ಟ ಹತ್ತುವವರು ಬೂಟು, ಹಗ್ಗ, ಚಳಿಯ ಕೋಟು ಕೊಡುವುದು ವಾಡಿಕೆ. ಕೇಳಿದ ಮೇಲೂ ಕೆಲವರು ತಾವು ಮೊದಲೇ ನಿಶ್ಚಯಿಸಿದ್ದನ್ನೇ ಕೊಡುವುದುಂಟು. ಆ ಜಾಣ್ಮೆಯೂ ಹಿಲರಿಯವರಲ್ಲಿರಲಿಲ್ಲ.

ಕಾಲವೂ ಆ ಮಾತಿಗೆ ಒತ್ತು ಕೊಟ್ಟಿತ್ತು. 1959ರ ಟಿಬೆಟ್ಟಿನ ದಂಗೆ, ದಲಾಯಿ ಲಾಮಾ ಅವರ ನಿರ್ಗಮನ ಇವುಗಳ ನಂತರ ಗಡಿ ಬಿಗಿಯಾಯಿತು. ಶೆರ್ಪರ ಹಳೆಯ ವ್ಯಾಪಾರ ಕುಸಿಯಿತು. ಅಪ್ಪ ನಡೆದ ಘಟ್ಟದ ಹಾದಿಯಲ್ಲಿ ಮಗನಿಗೆ ಅನ್ನವಿಲ್ಲವೆಂಬುದು ಅವರಿಗೆ ಕಾಣತೊಡಗಿತ್ತು. ಕಠ್ಮಂಡುವಿನ ಕಚೇರಿಗೆ ಒಂದು ಅರ್ಜಿ ಬರೆಯಬೇಕಾದರೂ ಇನ್ನೊಬ್ಬರ ಕಾಲು ಹಿಡಿಯಬೇಕು. ಶಾಲೆ ಅವರಿಗೆ ಶೋಭೆಯ ವಸ್ತುವಾಗಿರಲಿಲ್ಲ.

ಕಲ್ಕತ್ತೆಯ ಅಲ್ಯುಮಿನಿಯಂ ಕಂಪನಿಯೊಂದು ಕಟ್ಟಡದ ತಗಡು, ಚೌಕಟ್ಟುಗಳನ್ನು ದಾನವಾಗಿ ಕೊಟ್ಟಿತು. ಅವು ಪುಟ್ಟ ವಿಮಾನವೊಂದರಲ್ಲಿ ಎತ್ತರದ ಇಳಿದಾಣಕ್ಕೆ ಬಂದು, ಅಲ್ಲಿಂದ ಶೆರ್ಪರ ಬೆನ್ನೇರಿ ಹಳ್ಳಿಯನ್ನು ಸೇರಿದವು. ಸಮುದ್ರಮಟ್ಟದಿಂದ ಸುಮಾರು 3,790 ಮೀಟರ್ ಎತ್ತರದ ಆ ಊರಿನಲ್ಲಿ 1961ರ ಜೂನ್ ತಿಂಗಳಲ್ಲಿ ಎರಡು ಕೋಣೆಗಳ ಶಾಲೆ ತೆರೆಯಿತು. ಪರ್ವತಾರೋಹಿಗಳು ಬಿಟ್ಟುಹೋದ ಖಾಲಿ ಆಮ್ಲಜನಕದ ಸಿಲಿಂಡರುಗಳು ಆ ಸೀಮೆಯ ಶಾಲೆಗಳಿಗೆ ಗಂಟೆಗಳಾದವು.

ಇಲ್ಲಿ ನಾನು ಹಿಲರಿಯವರ ವಿವೇಕವನ್ನು ಎಲ್ಲಕ್ಕಿಂತ ಹೆಚ್ಚಾಗಿ ಮೆಚ್ಚುತ್ತೇನೆ: ಮೇಷ್ಟ್ರನ್ನು ಅವರು ನ್ಯೂಜಿಲೆಂಡಿನಿಂದ ಕರೆತರಲಿಲ್ಲ. ಡಾರ್ಜಿಲಿಂಗಿನಲ್ಲಿ ಓದಿದ ತೇಮ್ ದೋರ್ಜಿ ಎಂಬ ಶೆರ್ಪರನ್ನು ನೇಮಿಸಿದರು. ಬಡತನದಿಂದ ಕೂಲಿ ಅರಸಿ ಶೆರ್ಪರು ಡಾರ್ಜಿಲಿಂಗಿಗೆ ಹೋಗುತ್ತಿದ್ದದ್ದು ಹಳೆಯ ಕಥೆ. ತೇನ್ಸಿಂಗರೂ ಹಾಗೆ ಹೋದವರೇ. ಅಲ್ಲಿಂದ ಒಬ್ಬ ಅಕ್ಷರ ಹೊತ್ತು ಹಿಂದಿರುಗಿದ. ಪಾಠ ನೇಪಾಳಿಯದಾಗಲಿ ಇಂಗ್ಲಿಷಿನದಾಗಲಿ, ಅರ್ಥವಾಗದ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಅದರ ತಾಯಿಯ ಮಾತಿನಲ್ಲೇ ವಿವರಿಸಬಲ್ಲ ಮೇಷ್ಟ್ರು ಸಿಕ್ಕಿದರು. ಪರವೂರಿನಿಂದ ಬಂದವರು ಗೋಡೆ ಕಟ್ಟಬಹುದು, ಹೆಂಚು ಹೊದಿಸಬಹುದು; ಪಾಠವನ್ನು ಅವರೇ ಹೇಳತೊಡಗಿದರೆ, ಅವರು ಹೋದ ದಿನ ಶಾಲೆಯೂ ಹೋಗುತ್ತದೆ.

ಒಂದು ಶಾಲೆ ಕಂಡ ಮೇಲೆ ಉಳಿದ ಹಳ್ಳಿಗಳಿಂದ ಅರ್ಜಿಗಳು ಬಂದವು. 1963ರಲ್ಲಿ ಥಾಮೆ, ಪಾಂಗ್ಬೋಚೆ ಎಂಬ ಊರುಗಳಲ್ಲಿ ಶಾಲೆಗಳಾದವು. ಆ ವರ್ಷ ಸಿಡುಬು ಹಬ್ಬಿದ್ದರಿಂದ, ಗೋಡೆ ಕಟ್ಟಲು ಬಂದವರು ಸೂಜಿ ಹಿಡಿದು ಊರೂರಿಗೆ ಲಸಿಕೆ ಹಾಕಬೇಕಾಯಿತು. 1966ರಲ್ಲಿ ಖುಂದೆ ಎಂಬಲ್ಲಿ ಆಸ್ಪತ್ರೆ ತೆರೆಯಿತು. ಅದರ ಸಾಮಗ್ರಿಗಾಗಿಯೇ 1964ರಲ್ಲಿ ಲುಕ್ಲಾ ವಿಮಾನದಾಣ ಆಗಿತ್ತು. ಅಲ್ಲಿಯ ಮೆತ್ತನೆಯ ಮಣ್ಣನ್ನು ಗಟ್ಟಿ ಮಾಡಲು ಯಂತ್ರವಿಲ್ಲದೆ, ಶೆರ್ಪರಿಗೆ ಅವರ ನಾಡಮದ್ಯವನ್ನು ಕೊಟ್ಟು, ಕೈಕೈ ಹಿಡಿದು ಹೆಜ್ಜೆ ಹಾಕುವ ಅವರದೇ ಕುಣಿತವನ್ನು ಕುಣಿಸಿದರಂತೆ. ಕುಣಿದು ಮಾಡಿದ ವಿಮಾನದಾಣ ಜಗತ್ತಿನಲ್ಲಿ ಇನ್ನೊಂದಿರಲಾರದು.

ಆಸ್ಪತ್ರೆಯ ಮಾತನ್ನು ಶಾಲೆಯ ಕಥೆಯಲ್ಲಿ ತಂದುದಕ್ಕೆ ಕಾರಣವಿದೆ. ಆ ಬೆಟ್ಟಗಳ ಮಣ್ಣಿನಲ್ಲಿ, ನೀರಿನಲ್ಲಿ ಅಯೋಡಿನ್ ಕಡಿಮೆ. ಗಳಗಂಡ ಸಾಮಾನ್ಯ, ಕಿವುಡರಾಗಿ, ಬುದ್ಧಿ ಬೆಳೆಯದೆ ಹುಟ್ಟುವ ಮಕ್ಕಳು ಅನೇಕರು. ಶಾಲೆ ಕಟ್ಟಿದರೂ ಅಂಥ ಮಗು ಕಲಿಯಲಾರದು. ಸ್ವಯಂಸೇವಕರಾಗಿ ಬಂದ ನ್ಯೂಜಿಲೆಂಡಿನ ದಂಪತಿಗಳು ಜಾನ್ ಮತ್ತು ಡಯಾನ್ ಮ್ಯಾಕಿನನ್ ಹಾಗೂ ಅವರ ಸಹೋದ್ಯೋಗಿಗಳು ಅಯೋಡಿನ್ ಬೆರೆಸಿದ ಎಣ್ಣೆಯ ಚುಚ್ಚುಮದ್ದನ್ನು ಕೊಡತೊಡಗಿದರು. ಅದರ ನಂತರದ ತಲೆಮಾರಿನಲ್ಲಿ ಆ ಪಿಡುಗು ಬಹುಮಟ್ಟಿಗೆ ಇಳಿಯಿತು. ಕರಿಹಲಗೆಗೆ ಮೊದಲು ಉಪ್ಪು ಸರಿಯಿರಬೇಕೆಂಬುದನ್ನು ನಾವು ಸಾಹಿತ್ಯದ ಮೇಷ್ಟ್ರುಗಳು ನೆನೆಯುವುದು ಕಡಿಮೆ.

ಈ ಕೆಲಸಗಳನ್ನೆಲ್ಲ ನೆಲದ ಮೇಲೆ ನಡೆಸಿದವರು ಮಿಂಗ್ಮಾ ತ್ಸೆರಿಂಗ್ ಎಂಬ ಶೆರ್ಪಾ ಮುಂದಾಳು. ಯಾರಿಗೆ ಎಷ್ಟು ಕೂಲಿ, ಎಷ್ಟು ಹಲಗೆ ಬಂತು, ಎಷ್ಟು ಹೋಯಿತು ಎಂಬ ಲೆಕ್ಕವೆಲ್ಲ ಅವರ ನೆನಪಿನಲ್ಲಿ. ಏಕೆಂದರೆ ಅವರಿಗೆ ಓದುಬರಹ ಬಾರದು. ಇಷ್ಟು ಶಾಲೆಗಳನ್ನು ಕಟ್ಟಿಸಿದ ಮನುಷ್ಯ ಸ್ವತಃ ನಿರಕ್ಷರಿ. ನಮ್ಮ ಜನಪದ ಗಾಯಕರನ್ನು ಬಲ್ಲವರಿಗೆ ಇದು ಅಚ್ಚರಿಯಲ್ಲ. ಆದರೂ ಅವರು ಒಂದು ಕಲ್ಲಿನ ಮೇಲೆ ಕುಳಿತು, ತಮಗೆ ತಿಳಿಯದ ವಿದ್ಯೆಯ ಮನೆಗೆ ಬೆಳಿಗ್ಗೆ ಓಡುವ ಮಕ್ಕಳನ್ನು ನೋಡುತ್ತಿದ್ದಿರಬಹುದಾದ ನೋಟವನ್ನು ಊಹಿಸಿಕೊಂಡಾಗ ಮನಸ್ಸು ಕಲಕುತ್ತದೆ.

1975ರಲ್ಲಿ ಹಿಲರಿ ಫಾಪ್ಲು ಎಂಬಲ್ಲಿ ಇನ್ನೊಂದು ಆಸ್ಪತ್ರೆಯನ್ನು ಕಟ್ಟಿಸುತ್ತಿದ್ದರು. ಮಾರ್ಚ್ 31ರಂದು ಅವರ ಪತ್ನಿ ಲೂಯಿಸ್, ಹದಿನಾರು ವರ್ಷದ ಮಗಳು ಬೆಲಿಂಡಾ ಅಲ್ಲಿಗೆ ಬರಲೆಂದು ಕಠ್ಮಂಡುವಿನಲ್ಲಿ ಹತ್ತಿದ ವಿಮಾನ ಏರಿದ ಸ್ವಲ್ಪ ಹೊತ್ತಿಗೇ ಬಿದ್ದು ಇಬ್ಬರೂ ತೀರಿಕೊಂಡರು. ಆ ಮೇಲೆ ಬಹುಕಾಲ ಹಿಲರಿ ಚೇತರಿಸಿಕೊಳ್ಳಲಿಲ್ಲ. ಆಸ್ಪತ್ರೆಯ ಕೆಲಸ ನಿಲ್ಲಲಿಲ್ಲ.

ಇನ್ನು ನನ್ನ ವೃತ್ತಿಯ ಹಳೆಯ ಕೊರಗನ್ನು ಹೇಳಬೇಕು. ಶೆರ್ಪರ ಮಾತು ಟಿಬೆಟನ್ ಬಳಗದ್ದು. ನೇಪಾಳಿ ನಮ್ಮ ಹಿಂದಿಯ ನಂಟಿನದು. ಆ ಮಕ್ಕಳಿಗೆ ನೇಪಾಳಿಯೂ ಇಂಗ್ಲಿಷಿನಷ್ಟೇ ಪರಭಾಷೆ. 1960ರಿಂದ 1990ರವರೆಗೆ ನಡೆದ ಪಂಚಾಯತ್ ಆಡಳಿತದ ಕಾಲದಲ್ಲಿ ಒಂದು ದೇಶ, ಒಂದು ಭಾಷೆ ಎಂಬುದೇ ರಾಜನೀತಿ. 1990ರ ಸಂವಿಧಾನ ಬಂದ ಮೇಲಷ್ಟೇ ಉಳಿದ ಮಾತೃಭಾಷೆಗಳಿಗೂ ರಾಷ್ಟ್ರೀಯ ಭಾಷೆಗಳೆಂಬ ಮನ್ನಣೆ, ಪ್ರಾಥಮಿಕ ಶಿಕ್ಷಣದಲ್ಲಿ ಅವಕಾಶ ದೊರೆತವು. ಅಷ್ಟು ಹೊತ್ತಿಗೆ ಒಂದು ತಲೆಮಾರು ಓದಿ ಹೊರಬಿದ್ದಾಗಿತ್ತು. ಕಣ್ಣು ಬಂತು, ನಿಜ. ಆದರೆ ಆ ಕಣ್ಣು ನೋಡಿದ್ದು ಊರಾಚೆಗೆ. ಖುಮ್ಜುಂಗಿನಲ್ಲಿ ಕಲಿತವರು ವಿಮಾನ ನಡೆಸುವವರಾದರು, ರಾಷ್ಟ್ರೀಯ ಉದ್ಯಾನದ ಅಧಿಕಾರಿಗಳಾದರು; ಮೊದಲ ವಿದ್ಯಾರ್ಥಿಗಳಲ್ಲಿ ಒಬ್ಬರಾದ ಆಂಗ್ ರೀತಾ ಶೆರ್ಪಾ ಮುಂದೆ ಹಿಲರಿಯವರ ಹಿಮಾಲಯನ್ ಟ್ರಸ್ಟಿನ ಆಡಳಿತವನ್ನೇ ವಹಿಸಿಕೊಂಡರು. ಜೊತೆಗೆ ಕಠ್ಮಂಡುವಿಗೆ ಹೋದವರು, ನ್ಯೂಯಾರ್ಕಿನಲ್ಲಿ ನೆಲೆಸಿದವರು ಅನೇಕರು. ಅವರ ಮಕ್ಕಳ ಬಾಯಲ್ಲಿ ಶೆರ್ಪಾ ಮಾತು ತೆಳುವಾಗುತ್ತಿದೆ.

ಇದನ್ನು ಬರೆದು, ಹಿಲರಿಯವರ ಶಾಲೆ ಶೆರ್ಪರ ಮಾತನ್ನು ಕೊಂದಿತೆಂದು ಷರಾ ಎಳೆಯಲು ನನ್ನ ಲೇಖನಿ ತವಕಪಟ್ಟದ್ದುಂಟು. ಆದರೆ ನನ್ನ ಮೊಮ್ಮಕ್ಕಳು ಬೆಂಗಳೂರಿನಲ್ಲಿ ಯಾವ ಮಾಧ್ಯಮದಲ್ಲಿ ಓದುತ್ತಿದ್ದಾರೆಂಬುದು ನೆನಪಿಗೆ ಬಂದು ಲೇಖನಿಯನ್ನು ಕೆಳಗಿಟ್ಟೆ. ಅರ್ಜಿ ಬರೆಯಲಾಗದೆ ಅವಮಾನಪಟ್ಟವನಿಗೆ ತನ್ನ ಮಗ ಯಾವ ಭಾಷೆಯಲ್ಲಿ ಅರ್ಜಿ ಬರೆಯಬೇಕೆಂಬುದು ಚೆನ್ನಾಗಿ ಗೊತ್ತಿರುತ್ತದೆ. ಭಾಷೆಯ ನಷ್ಟ ನಷ್ಟವೇ. ಅದರ ಲೆಕ್ಕವನ್ನು ಗೋಡೆ ಕಟ್ಟಿದವರ ತಲೆಗೆ ಕಟ್ಟುವುದು ಮಾತ್ರ ನ್ಯಾಯವಲ್ಲ.

ಪುಸ್ತಕಗಳ ಕಥೆ ಇದಾದ ಮೂವತ್ತು ವರ್ಷಗಳ ಮೇಲಿನದು. ಖುಂಬುವಿಗಿಂತ ತಗ್ಗಿನಲ್ಲಿ ಸೋಲು ಎಂಬ ಪ್ರದೇಶವಿದೆ. ಅಲ್ಲಿ ಜುನ್ಬೇಸಿ ಎಂಬ ಹಳ್ಳಿ. ಪ್ರವಾಸಿಗರನ್ನು ಕರೆತರುವ ಉದ್ಯಮದ ಅಮೆರಿಕದ ಮಹಿಳೆ ಆಂಟೋನಿಯಾ ನ್ಯೂಬಾಯರ್ ತಮ್ಮ ಮಾರ್ಗದರ್ಶಿಯಾದ ಆ ಊರಿನ ಶೆರ್ಪರನ್ನು, ನಿಮ್ಮೂರಿಗೆ ಏನು ಬೇಕು ಎಂದು ಕೇಳಿದರು. ಅದೇ ಪ್ರಶ್ನೆ. ಉತ್ತರ ಮಾತ್ರ ಬೇರೆ: ಒಂದು ಗ್ರಂಥಾಲಯ. ಶಾಲೆಗಳಾಗಿದ್ದವು, ಅಕ್ಷರ ಬಂದಿತ್ತು. ಶಾಲೆ ಬಿಟ್ಟ ಮೇಲೆ ಓದಲು ಊರಿನಲ್ಲಿ ಏನೂ ಇರಲಿಲ್ಲ. ಅಕ್ಷರವೆಂಬುದು ಬಳಸದಿದ್ದರೆ ತುಕ್ಕು ಹಿಡಿಯುವ ಕುಡುಗೋಲು. 1991ರಲ್ಲಿ ಸುಮಾರು 900 ಪುಸ್ತಕಗಳು ಕೂಲಿಯವರ ಬುಟ್ಟಿಗಳಲ್ಲಿ ಜುನ್ಬೇಸಿಗೆ ಹೊರಟವು. ಜೀರಿಯವರೆಗೆ ಮೋಟಾರು ರಸ್ತೆಯಿತ್ತು. ಅಲ್ಲಿಂದ ಮುಂದಿನ ಹಳೆಯ ಕಾಲುದಾರಿಯಲ್ಲಿರುವ ಲಾಮ್ಜುರಾ ಘಟ್ಟದ ಎತ್ತರ 3,500 ಮೀಟರಿಗೂ ಹೆಚ್ಚು. ಬುಟ್ಟಿಯ ಭಾರವನ್ನು ಹಣೆಗೆ ಕಟ್ಟಿದ ಪಟ್ಟಿಯ ಮೇಲೆ ಹೊರುವುದು ಅಲ್ಲಿಯ ಕ್ರಮ. ಹೊಲದ ಸುತ್ತ ಧರ್ಮಗ್ರಂಥ ಹೊತ್ತವರ ವಂಶದವರೇ ಈಗ ಕಥೆ, ವಿಜ್ಞಾನ, ನಿಘಂಟುಗಳನ್ನು ಹೊತ್ತರು ಎನ್ನೋಣವೇ? ಸ್ವಲ್ಪ ಕಾವ್ಯವಾಯಿತು. ಕೂಲಿಗೆ ಹೊತ್ತರು ಎಂಬುದೇ ಸರಿಯಾದ ಮಾತು.

ಈ ಕೆಲಸದಿಂದ ಬೆಳೆದ ರೀಡ್ ಎಂಬ ಸಂಸ್ಥೆ ನೇಪಾಳದಲ್ಲಿ ಅರವತ್ತಕ್ಕೂ ಹೆಚ್ಚು ಗ್ರಂಥಾಲಯಗಳಿಗೆ ನೆರವಾಯಿತು. 2006ರಲ್ಲಿ ಅದಕ್ಕೆ ಗೇಟ್ಸ್ ಪ್ರತಿಷ್ಠಾನದ ಹತ್ತು ಲಕ್ಷ ಡಾಲರಿನ ಪ್ರಶಸ್ತಿ ಬಂತು. ಪ್ರಶಸ್ತಿಗಿಂತ ಅದರ ಷರತ್ತುಗಳು ನನಗೆ ಮುಖ್ಯವೆನಿಸಿದವು. ಊರಿನವರೇ ಬೇಕೆಂದು ಕೇಳಬೇಕು. ಜಾಗವನ್ನೋ ದುಡಿಮೆಯನ್ನೋ ತಮ್ಮ ಪಾಲಾಗಿ ಕೊಡಬೇಕು. ಗ್ರಂಥಾಲಯದ ಖರ್ಚಿಗಾಗುವಂಥ ಒಂದು ಆದಾಯದ ಕಸಬನ್ನು ಅದರ ಜೊತೆಯಲ್ಲೇ ನಡೆಸಬೇಕು. ಜೋಮ್‌ಸೋಮ್ ಎಂಬಲ್ಲಿ ಅಂಗಡಿ ಮಳಿಗೆಗಳ ಬಾಡಿಗೆ ಗ್ರಂಥಾಲಯಕ್ಕೆ ಸಲ್ಲುತ್ತಿತ್ತು. ಚಿತ್ವನದ ಝುವಾನಿಯಲ್ಲಿ ಗ್ರಂಥಾಲಯವೇ ಒಂದು ಆಂಬುಲೆನ್ಸನ್ನು ಓಡಿಸಿತು. ಹೆರಿಗೆಯ ನೋವಿನಲ್ಲಿ ಗ್ರಂಥಾಲಯಕ್ಕೆ ಹೇಳಿಕಳುಹಿಸುವ ಊರು! ಅಂಥ ಊರಿನಲ್ಲಿ ಪುಸ್ತಕದ ಬೀರುವಿಗೆ ಬೀಗ ಹಾಕುವ ಧೈರ್ಯ ಯಾರಿಗೂ ಬರಲಾರದೆಂದು ನನ್ನ ನಂಬಿಕೆ.

2008ರ ಜನವರಿಯಲ್ಲಿ ಹಿಲರಿ ತೀರಿಕೊಂಡರು. 2015ರ ಭೂಕಂಪದಲ್ಲಿ ಆ ಸೀಮೆಯ ಎಷ್ಟೋ ಶಾಲೆಗಳ ಗೋಡೆಗಳು ಬಿರಿದವು, ಬಿದ್ದವು; ಅವನ್ನು ಮತ್ತೆ ಕಟ್ಟಿದರು. ಓದಿದವರು ತಮ್ಮ ಮಕ್ಕಳನ್ನು ಕಠ್ಮಂಡುವಿನ ವಸತಿಶಾಲೆಗಳಿಗೆ ಕಳಿಸುವುದರಿಂದ ಖುಂಬುವಿನ ಕೆಲವು ಊರುಗಳಲ್ಲಿ ಈಗ ಕೋಣೆಗಳಿವೆ, ಮಕ್ಕಳು ಕಡಿಮೆ. ಇದೂ ಆ ಶಾಲೆಗಳ ಫಲವೇ. ನಮ್ಮ ಹಳ್ಳಿಗಳ ಕಥೆಯನ್ನೇ ಯಾರೋ ಹಿಮದಲ್ಲಿ ಬರೆದಂತಿದೆ.

ಇಷ್ಟನ್ನು ಓದಿದ ಮೇಲೆ, ಗಾಡಿಗೆ ಪುಸ್ತಕಗಳನ್ನು ತುಂಬುವ ಮೊದಲು ನಾನು ನಮ್ಮೂರಿಗೆ ಒಂದು ಕಾಗದ ಬರೆದೆ. ಈಗ ಅಲ್ಲಿ ಪಂಚಾಯಿತಿಯ ಗ್ರಂಥಾಲಯವಿದೆ. ಅರಿವು ಕೇಂದ್ರವೆಂದು ಹೆಸರು. ನನ್ನಲ್ಲಿರುವ ಪಂಪನ ವ್ಯಾಖ್ಯಾನಗಳು, ವಿಮರ್ಶೆಯ ಗ್ರಂಥಗಳು, ಶಾಸನ ಸಂಪುಟಗಳು ಇವುಗಳ ಪಟ್ಟಿಯನ್ನು ಕಳಿಸಬೇಕೆಂದು ಕೈ ತುರಿಸಿತು. ಕಳಿಸಲಿಲ್ಲ. ಏನು ಬೇಕೆಂದು ಮಾತ್ರ ಕೇಳಿದೆ. ಶಾಲೆಯ ಅಧ್ಯಾಪಕಿಯೊಬ್ಬರು ಉತ್ತರ ಬರೆದಿದ್ದಾರೆ. ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳು ಹೊಸವು ಬೇಕಂತೆ; ಚಿಕ್ಕ ಮಕ್ಕಳಿಗೆ ಚಿತ್ರವಿರುವ ಕಥೆಗಳು; ಒಂದು ಒಳ್ಳೆಯ ಕನ್ನಡ ನಿಘಂಟು. ಕೊನೆಯಲ್ಲಿ, "ಸರ್, ಸಂಜೆಯ ಹೊತ್ತು ಮಕ್ಕಳ ಜೊತೆ ಕುಳಿತು ಓದಿಸುವವರು ಯಾರೂ ಇಲ್ಲ. ತಾವು ತಿಂಗಳಿಗೆ ಎರಡು ಸಲ ಬಂದುಹೋಗಲು ಸಾಧ್ಯವೇ? ಪುಸ್ತಕಗಳು ನಿಧಾನವಾಗಿ ಬಂದರೂ ಆದೀತು" ಎಂದು ಬರೆದಿದ್ದಾರೆ.

ಆ ಹಳೆಯ ಟ್ರಂಕು ಶಾಲೆಯಲ್ಲಿ ಇನ್ನೂ ಇದೆಯೇ ಎಂದೂ ನಾನು ಕೇಳಿದ್ದೆ. ಅದಕ್ಕೆ ಅವರು ಉತ್ತರ ಬರೆದಿಲ್ಲ. ಬರುವ ಸೋಮವಾರ ಮಧ್ಯಾಹ್ನದ ಬಸ್ಸಿಗೆ ಹೋದಾಗ ನೋಡಬೇಕು.